ಎಣಿಸಬಾರದ ರೊಟ್ಟಿ

ಆ ದಿನ ಬೆಳಿಗ್ಗೆ ಮಾಡಿದ ಕೆಲಸ ಇಷ್ಟು. ನಲ್ಲಿ ಬರುವ ಹೊತ್ತಿಗೆ ಎದ್ದು ಎರಡೂ ಹಂಡೆ ತುಂಬಿಸಿದೆ. ಬಾಗಿಲಿಗೆ ನೀರು ಹಾಕಿದೆ. ಚಿತ್ತಾಪುರದ ಬಸ್ಸು ಹಿಡಿಯುವ ಯಜಮಾನರಿಗೆ ಬುತ್ತಿ ಕಟ್ಟಿದೆ, ಹಿಂದಿನ ದಿನದ ಬದನೆಕಾಯಿ ಪಲ್ಯ ಕೆಟ್ಟಿಲ್ಲವೆಂದು ಮೂಸಿ ನೋಡಿ. ಹಾಲಿಗೆ ಹೆಪ್ಪು ಹಾಕಿದೆ. ಗಿರಣಿಗೆ ಹೋಗಿ ಜೋಳದ ಹಿಟ್ಟಿನಲ್ಲಿ ಕೈಯಿಟ್ಟು, ಬಿಸಿ ಆರಿದ ಮೇಲೆ ಚೀಲ ಕಟ್ಟಿಸಿ ಆಟೊದಲ್ಲಿ ಹಾಕಿಸಿದೆ. ಶೆಡ್ಡಿನ ಬೀಗ ತೆಗೆದು ಕಸ ಹೊಡೆದೆ. ಒಲೆಗಳ ಬೂದಿ ತೆಗೆದೆ. ರೊಟ್ಟಿಗೆ ನೀರು ಸವರುವ ಬಟ್ಟೆಗಳನ್ನು ಕುದಿಯುವ ನೀರಲ್ಲಿ ಅದ್ದಿ, ಹಿಂಡಿ, ಹಗ್ಗದ ಮೇಲೆ ಒಣಹಾಕಿದೆ.

ಇಷ್ಟಾಗಿ, ಮೊದಲ ರೊಟ್ಟಿ ಇನ್ನೂ ಹಂಚಿನ ಮೇಲೆ ಬಿದ್ದಿರಲಿಲ್ಲ. ನಾವೆಲ್ಲ ಆಯಿ ಎಂದು ಕರೆಯುವ ಹಿರಿಯಾಕೆ ಬಂದು ನನ್ನ ಮುಂದೆ ನಿಂತಳು.

"ಅಕ್ಕಾರ, ಆಕಿ ಇರಬೇಕು, ಇಲ್ಲಾ ನಾವಿರಬೇಕು. ಎರಡರಾಗ ಒಂದು ಹೇಳ್ರಿ."

ಆಯಿಯ ಹಿಂದೆ ಉಳಿದವರು ನಿಂತಿದ್ದರು. ಯಾರೂ ನನ್ನ ಮುಖ ನೋಡುತ್ತಿರಲಿಲ್ಲ. ಒಬ್ಬಳು ಸುಮ್ಮನೆ ಕೈಬಳೆ ತಿರುವುತ್ತಿದ್ದಳು. ಯಾರ ವಿಷಯ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

ಸೇಡಂನಲ್ಲಿ ಕಾಗಿಣಾ ಹೊಳೆಯ ಕಡೆ ಹೋಗುವ ದಾರಿಯಲ್ಲಿ, ತಗಡಿನ ಶೆಡ್ಡೊಂದರಲ್ಲಿ ನಾವು ಕೆಲವು ಹೆಣ್ಣುಮಕ್ಕಳು ಸೇರಿ ಖಡಕ್ ರೊಟ್ಟಿ ಮಾಡುತ್ತೇವೆ. ರೊಟ್ಟಿ ಬಡಿಯುವುದು ಅವರ ಕೆಲಸ. ಹಿಟ್ಟು, ಕಟ್ಟಿಗೆ, ಫೋನು, ಜಗಳ, ಇವು ನನ್ನ ಪಾಲಿಗೆ ಬಂದಿವೆ. ಬಹಳ ದಿನ ನಮ್ಮ ರೊಟ್ಟಿ ಊರಿನ ಅಂಗಡಿಗಳಿಗೇ ಹೋಗುತ್ತಿತ್ತು. ಅಂಗಡಿಯವರು ಗೇಣಿನಲ್ಲಿ ಅಳೆದು ಒಯ್ಯುತ್ತಿದ್ದರು. ಇಷ್ಟು ಗೇಣು ಎತ್ತರದ ರೊಟ್ಟಿಯ ಗಂಟಿಗೆ ಇಷ್ಟು ಎಂದು ಲೆಕ್ಕ. ಕೆಲವರ ಗೇಣು ದೊಡ್ಡದು, ಕೆಲವರದು ಸಣ್ಣದು, ಅದರ ಮೇಲೆ ಚೌಕಾಸಿ. ರೊಟ್ಟಿಯನ್ನು ಮಾತ್ರ ಯಾರೂ ಎಣಿಸುತ್ತಿರಲಿಲ್ಲ.

ನಮ್ಮ ಕಡೆ ಮಾಡುತ್ತಿರುವ ರೊಟ್ಟಿಯನ್ನು ಎಣಿಸುವುದಿಲ್ಲ. ಎಣಿಸಿದರೆ ಬರಕತ್ ಹೋಗುತ್ತದೆ, ಅಂದರೆ ಇದ್ದದ್ದು ಸಾಲದಾಗುತ್ತದೆ ಎಂದು ನಂಬಿಕೆ. ಉಣ್ಣುವವರಿಗೂ ಎಷ್ಟನೆಯದು ಎಂದು ಕೇಳುವುದಿಲ್ಲ. ನಮ್ಮವ್ವ ಎಣಿಸಿದವಳಲ್ಲ, ನಾನೂ ಎಣಿಸಿದವಳಲ್ಲ.

ಆಮೇಲೆ ವಾಡಿಯ ಕಡೆಯ ಒಂದು ಕಾರ್ಮಿಕರ ಕ್ಯಾಂಟೀನಿನ ಗುತ್ತೇದಾರರು ರೊಟ್ಟಿ ಕೇಳಿಕೊಂಡು ಬಂದರು. ಅವರಿಗೆ ಗೇಣಿನ ಲೆಕ್ಕ ನಡೆಯುವುದಿಲ್ಲ. ತಾಟಿಗೆ ಇಷ್ಟೇ ರೊಟ್ಟಿ ಎಂದು ಇರುತ್ತದೆ. ಪ್ರತಿ ಪ್ಯಾಕೆಟ್ಟಿನಲ್ಲೂ ಅಷ್ಟೇ ಇರಬೇಕು, ಒಂದೂ ಮುರಿದಿರಬಾರದು. ದೊಡ್ಡ ಕೆಲಸ, ಬಿಡುವ ಹಾಗಿಲ್ಲ. ಆದರೆ ಎಣಿಸುವವರು ಯಾರು? ಒಬ್ಬೊಬ್ಬರೂ ಒಂದೊಂದು ನೆವ ಹೇಳಿದರು. ಒಬ್ಬಳಿಗೆ ಹತ್ತರ ಮೇಲೆ ಬರುವುದಿಲ್ಲವಂತೆ. ಮೊಬೈಲ್ ನಂಬರನ್ನು ಬಾಯಿಪಾಠ ಹೇಳುವ ಹೆಂಗಸು ಅವಳು.

ಅದೇ ವಾರ ಕೆಲಸ ಕೇಳಿಕೊಂಡು ಒಬ್ಬಾಕೆ ಬಂದಳು. ತವರು ಚಿಂಚೋಳಿ ತಾಲೂಕಿನ ಚಿಮ್ಮನಚೋಡ. ಗಂಡ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಬರುತ್ತಾನೆ. ಇಲ್ಲಿ ಅವಳು ಮತ್ತು ಶಾಲೆಗೆ ಹೋಗುವ ಪುಟ್ಟ ಮಗಳು. "ಎಣಿಸ್ತೀಯೇನವಾ?" ಎಂದು ಕೇಳಿದೆ. "ಹೂಂರಿ" ಎಂದಳು. ಹೊಸಬಳು, ಒಲ್ಲೆ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ನಮಗೆಲ್ಲ ನಿರಾಳವಾಯಿತು. ಎಣಿಸಬಾರದ್ದನ್ನು ಎಣಿಸಲು ಒಬ್ಬಳು ಸಿಕ್ಕಳು.

ಅವಳ ಕಣ್ಣು ಬೆಕ್ಕಿನ ಕಣ್ಣು. ಹಸಿರೂ ಅಲ್ಲ, ಬೂದಿಯೂ ಅಲ್ಲ, ಎಳೆ ಜೋಳದ ಎಲೆಯನ್ನು ಬಿಸಿಲಿಗೆ ಹಿಡಿದರೆ ಕಾಣುವ ಬಣ್ಣ. ಮಗಳದೂ ಅದೇ ಕಣ್ಣು.

ಮುರುಕಿನ ಬಗ್ಗೆ ಇಲ್ಲಿ ಹೇಳಬೇಕು. ಖಡಕ್ ರೊಟ್ಟಿಗೆ ಕುದಿಯುವ ಎಸರನ್ನು ಹಿಟ್ಟಿಗೆ ಸುರಿದು, ಅಂಗೈಯಿಂದ ಚೆನ್ನಾಗಿ ಮಿದ್ದಿ, ಎಳ್ಳು ಹಚ್ಚಿ ತೆಳ್ಳಗೆ ಬಡಿಯಬೇಕು. ನಡುವೆ ದಪ್ಪ ಉಳಿಯಬಾರದು. ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ, ಬಟ್ಟೆಯ ಉಂಡೆಯಿಂದ ಒತ್ತಿ ಒತ್ತಿ ಸುಟ್ಟು, ಆಮೇಲೆ ಒಲೆಯ ಸುತ್ತ ಆನಿಸಿ ನಿಲ್ಲಿಸಬೇಕು. ಬಿಸಿ ಇದ್ದಾಗಲೇ ಪೇರಿಸಿದರೆ ಬೆವರಿ ಮೆತ್ತಗಾಗುತ್ತದೆ. ಪೂರ್ತಿ ಆರಿದ ಮೇಲೆ ಪೇರಿಸಿದರೆ ಅಂಚು ತಗುಲಿ ಸಿಡಿಯುತ್ತದೆ. ಹೀಗಾಗಿ ಮುರುಕು ಬೀಳದ ದಿನವೇ ಇಲ್ಲ. ಮೊದಲೆಲ್ಲ ಯಾರ ಕೈಯಲ್ಲಿ ಮುರಿಯಿತೋ ಅವರೇ ತುಂಡನ್ನು ಬಾಗಿಲ ಹಿಂದಿನ ಬುಟ್ಟಿಗೆ ಎಸೆಯುತ್ತಿದ್ದರು, ತಿರುಗಿಯೂ ನೋಡುತ್ತಿರಲಿಲ್ಲ. ಪಕ್ಕದ ಮನೆಯ ಖಾಲಾ ಸಂಜೆಗೆ ಬಂದು ತನ್ನ ಆಡುಗಳಿಗೆ ಒಯ್ಯುತ್ತಿದ್ದಳು.

ಎಣಿಕೆ ಶುರುವಾದ ಮೇಲೆ ಕೆಲಸದ ದಾರಿ ಬದಲಾಯಿತು. ಎಲ್ಲರ ರೊಟ್ಟಿಯೂ ಬಾಗಿಲ ಬಳಿಯ ಫರಸಿ ಕಲ್ಲಿನ ಮೇಲೆ, ಹೊಸಬಳ ಮುಂದೆ ಬರಬೇಕು. ಅವಳು ಒಂದೊಂದನ್ನೇ ಎತ್ತಿ, ಬೆಳಕಿಗೆ ಹಿಡಿದು, ಗಟ್ಟಿಯಾದದ್ದನ್ನು ಪ್ಯಾಕೆಟ್ಟಿಗೆ ಹಾಕುತ್ತಿದ್ದಳು. ಒಡೆದದ್ದನ್ನು ಪಕ್ಕಕ್ಕೆ ಇಡುತ್ತಿದ್ದಳು. ಪ್ಯಾಕೆಟ್ಟುಗಳು ಡಬ್ಬಕ್ಕೆ ಹೋಗಿ ಕಣ್ಣಿಗೆ ಮರೆಯಾಗುತ್ತಿದ್ದವು. ಮುರುಕು ಮಾತ್ರ ಅವಳ ಪಕ್ಕದಲ್ಲಿ ದಿನವಿಡೀ ಬೆಳೆಯುತ್ತಿತ್ತು.

ಮೊದಲು ಅದು ಪಿಸುಮಾತಾಗಿ ಬಂತು. "ಇಷ್ಟ್ ಮುರುಕು ಎಂದಾದ್ರೂ ಬಿದ್ದಿತ್ತೇನು?" ಆಮೇಲೆ ಹಾಡಹಗಲೇ ಬಂತು. "ಆಕಿ ನೋಡಿದ್ದೇ ತಡ, ಕಟ್ ಅಂತದ. ನದರಿನಾಕಿ."

ಕೆಟ್ಟ ದೃಷ್ಟಿಗೆ ನಮ್ಮ ಕಡೆ ನದರ ಎನ್ನುತ್ತಾರೆ. ಆಯಿ ಸುಮ್ಮನೆ ಕೂರುವವಳಲ್ಲ. ಉಪ್ಪು, ಒಣಮೆಣಸಿನಕಾಯಿ ಹಿಡಿದು ರೊಟ್ಟಿಗಳ ಮೇಲೆ ಇಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ. "ನೋಡಿದ್ರಿಲ್ಲ, ಘಾಟು ಸುದ್ದಾ ಇಲ್ಲ. ಅಷ್ಟು ಜಬರ್ ನದರ ಅದ" ಎಂದಳು. ಆ ಒಲೆಗಳ ಮೇಲೆ ಹೊಗೆ ಎಳೆಯುವ ದೊಡ್ಡ ಕೊಳವೆ ಇದೆ, ಸೌದೆಯ ಹೊಗೆಯೇ ಒಳಗೆ ನಿಲ್ಲುವುದಿಲ್ಲ. ಮರುದಿನ ಮತ್ತೆ ಇಳಿಸಿದಳು. ಅಂದು ಗಾಳಿ ತಿರುಗಿ ಎಲ್ಲರೂ ಕೆಮ್ಮಿ ಕೆಮ್ಮಿ ಹೊರಗೋಡಿದೆವು. "ಹಾಂ, ಈಗ ಹೊರಗ ಬಿತ್ತು ನೋಡ್ರಿ ನದರ" ಎಂದಳು. ಘಾಟು ಬಂದರೂ ನದರ, ಬಾರದಿದ್ದರೂ ನದರ. ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ನಾನು ಬೇಡ ಎನ್ನಲಿಲ್ಲ. ಅದರಿಂದ ಅವರ ಮನಸ್ಸು ಹಗುರಾದರೆ ಆಗಲಿ ಎಂದುಕೊಂಡೆ. ಹಗುರಾಗಲಿಲ್ಲ. ಆ ಮಾತು ಶಾಲೆಯ ಅಂಗಳಕ್ಕೂ ಹೋಯಿತು.

ಹೀಗೆ ತಿಂಗಳು ಕಳೆಯಿತು. ಕೊನೆಗೆ ಆ ಬೆಳಿಗ್ಗೆ ಆಯಿ ಬಂದು ನನ್ನ ಮುಂದೆ ನಿಂತದ್ದು.

"ಆಯಿ, ನಾಳಿತನ ತಡಿ" ಎಂದೆ. "ಒಲಿ ಹೊತ್ತಿಸ್ರಿ. ಗಾಡಿ ಬರತದ."

ಹೊಸಬಳು ಆಮೇಲೆ ಬಂದಳು. ತನ್ನ ಸ್ಟೀಲಿನ ಲೋಟ ಗೂಡಿನಲ್ಲಿಟ್ಟು ಕಲ್ಲಿನ ಮುಂದೆ ಕುಳಿತಳು. ಕೆಲಸ ನಡೆಯಿತು. ಮಧ್ಯಾಹ್ನದ ಹೊತ್ತಿಗೆ ನಾನು ಆಯಿಯ ಒಲೆಯಿಂದ ರೊಟ್ಟಿಯ ಪೇರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬರುತ್ತಿದ್ದೆ. ಅವಳು ತಲೆಯೆತ್ತಿ ನೋಡಿದಳು. ಅದೇ ಗಳಿಗೆಗೆ ಮೇಲಿನ ರೊಟ್ಟಿ ನಡುವೆ ಸೀಳಿತು. ಸದ್ದು ನನಗೆ ಕೇಳಿಸಿತು. ಪೇರನ್ನು ಕಲ್ಲಿನ ಮೇಲಿಟ್ಟ ನನ್ನ ಕೈ ತಾನಾಗಿಯೇ ಸೆರಗು ಎಳೆದು ರೊಟ್ಟಿಯ ಮೇಲೆ ಮುಚ್ಚಿತು.

ಯೋಚಿಸಿ ಮಾಡಿದ್ದಲ್ಲ. ಮುಚ್ಚಿದ ಮೇಲೇ ನನಗೆ ತಿಳಿದದ್ದು. ಅವಳು ಸೆರಗನ್ನು ನೋಡಿದಳು, ಕಣ್ಣು ಕೆಳಗಿಳಿಸಿದಳು, ಕೈಯಲ್ಲಿದ್ದ ಪ್ಯಾಕೆಟ್ಟು ಕಟ್ಟಿದಳು.

ಊಟದ ಬಿಡುವಿನಲ್ಲಿ ನಾನೇ ಅವಳ ಪಕ್ಕ ಹೋಗಿ ಕುಳಿತೆ. ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ ಡಬ್ಬಿ ಮುಂದೆ ತಳ್ಳಿದೆ. ಅವಳೇ ಮಾತು ತೆಗೆದಳು.

"ಅಕ್ಕಾರ, ನಾ ನಾಳಿಂದ ಬರಲ್ಲಂತ ಹೇಳಬೇಕಂತ ಮಾಡಿದ್ದೆ. ರಾತ್ರಿ ಎಲ್ಲಾ ಅದೇ ಇಚಾರ ಮಾಡೀನಿ."

"ಮತ್ತ?"

"ನಾ ಬಿಟ್ಟು ಹೋದ್ರ ಅದು ಖರೇ ಆಗತದಲ್ರಿ. ಹೋದ್ಳು ನೋಡು, ನದರಿನಾಕಿ ಇದ್ದಳು, ಹೋದ್ಳು ಅಂತಾರ. ನಂದೇನ್ ಹೋಯ್ತರಿ, ಬ್ಯಾರೆ ಕೆಲಸ ನೋಡ್ಕೋತೀನಿ. ನಮ್ಮ ಕೂಸಿಂದೂ ಇವೇ ಕಣ್ಣು ಅವ. ನಿನ್ನೆ ಸಾಲ್ಯಾಗ ಆಕಿ ಬಾಜೂಕ ಯಾರೂ ಕುಂತಿಲ್ಲಂತ. ಡಬ್ಬಿ ಮುಚ್ಚಿಟ್ಕೊಂಡು ಉಂಡಾರಂತ. ಆಕಿ ಸಾಲಿ ಬಿಟ್ಟು ಎಲ್ಲಿಗಿ ಹೋಗಬೇಕ್ರಿ?"

ಡಬ್ಬಿ ಮುಚ್ಚಿಟ್ಟುಕೊಂಡರು ಎಂಬ ಮಾತಿಗೆ ನನ್ನ ಸೆರಗು ನೆನಪಾಯಿತು. ಆ ಮಕ್ಕಳಿಗೆ ಯಾರೂ ಕೂಡಿಸಿಕೊಂಡು ಕಲಿಸಿರಲಿಕ್ಕಿಲ್ಲ. ದೊಡ್ಡವರ ಕೈ ಮಾಡಿದ್ದನ್ನು ನೋಡಿರುತ್ತಾರೆ, ಅಷ್ಟೇ.

ಸಂಜೆ ಖಾಲಾ ಬುಟ್ಟಿ ಹಿಡಿದು ಬಂದಳು. ಹಳೆಯ ಬಿದಿರಿನ ಬುಟ್ಟಿ, ಒಂದು ಕಡೆ ಅಂಚು ಬಿಚ್ಚಿದ್ದಕ್ಕೆ ತಂತಿ ಸುತ್ತಿದೆ. ಮುರುಕನ್ನು ಸುರಿದುಕೊಳ್ಳುತ್ತಿದ್ದಾಗ ನಾನು, "ಖಾಲಾ, ಈ ತಿಂಗಳು ನಿನ್ನ ಆಡಿಗಿ ಹಬ್ಬ ನೋಡು. ಎಷ್ಟ್ ಮುರುಕು ಬೀಳಾಕತ್ತದ" ಎಂದೆ.

"ಯಾರ್ ಹೇಳ್ಯಾರ ನಿಂಗ?" ಎಂದಳು ಖಾಲಾ. "ಅಷ್ಟೇ ಅದ. ಚಳಿಗಾಲದಾಗೂ ಈ ತಂತೀತನ ಬರ್ತಿತ್ತು, ಈಗೂ ತಂತೀತನ ಬರತದ. ಬುಟ್ಟಿ ಬದಲಿ ಮಾಡಿಲ್ಲ ನಾ."

"ಖರೇ?"

"ಝೂಟ್ ಹೇಳಿ ನಂಗೇನ್ ಬರೂದದ? ಜಾಸ್ತಿ ಬಂದಿದ್ರ ಇನ್ನೊಂದು ಆಡು ಕಟ್ಟತಿದ್ದೆ."

ಅವಳು ಹೋದ ಮೇಲೆ ನಾನು ಬಾಗಿಲಲ್ಲೇ ನಿಂತೆ. ಮುರುಕು ಹೆಚ್ಚಾಗಿಯೇ ಇರಲಿಲ್ಲ. ಮೊದಲು ಎಲ್ಲರ ಬೆನ್ನ ಹಿಂದೆ ಚದುರಿ ಬೀಳುತ್ತಿದ್ದದ್ದು ಈಗ ಒಬ್ಬಳ ಮುಂದೆ ಗುಡ್ಡೆಯಾಗುತ್ತಿತ್ತು. ಗುಡ್ಡೆಯ ಹಿಂದೆ ಒಂದು ಮುಖ ಇತ್ತು, ಆ ಮುಖದಲ್ಲಿ ನಮ್ಮಂಥದ್ದಲ್ಲದ ಕಣ್ಣು ಇತ್ತು. ನಾವು ಬುಟ್ಟಿ ನೋಡುವುದು ಬಿಟ್ಟು ಕಣ್ಣು ನೋಡಿದೆವು.

ಆ ರಾತ್ರಿ ಯಜಮಾನರು ಉಂಡವರೇ ಮಲಗಿದರು. ನನಗೆ ನಿದ್ದೆ ಬರಲಿಲ್ಲ. ಖಾಲಾನ ಮಾತನ್ನು ಬೆಳಿಗ್ಗೆ ಹಾಗೇ ಹೇಳಿದರೆ ಆಯಿ ಏನೆನ್ನುತ್ತಾಳೆಂದು ಗೊತ್ತಿತ್ತು. "ಆಡು ಕಾಯೋ ಮುದುಕಿ ಮಾತು ತಗೊಂಡು ನಮ್ಮ ಕಣ್ಣು ಸುಳ್ಳು ಅಂತೀರೇನು?" ಎನ್ನುತ್ತಾಳೆ. ಹೇಳಿ ಫಲವಿಲ್ಲ. ಅವರ ಕೈಯಿಂದಲೇ ಆಗಬೇಕು. ಆದರೆ ಘಾಟಿನ ಹಾಗೆ ಆಗಬಾರದು. ಏನೇ ಬಂದರೂ ನದರವೇ ಎನ್ನುವ ಹಾಗೆ ದಾರಿ ಬಿಡಬಾರದು. ಮಾತು ಮೊದಲೇ ಆಗಬೇಕು.

ಬೆಳಿಗ್ಗೆ ಎಲ್ಲರನ್ನೂ ಕೂರಿಸಿದೆ. ಹೊಸಬಳೂ ಇದ್ದಳು.

"ಆಯಿ, ನೀ ಹೇಳೂದು ಖರೇ ಅಂತ ಹಿಡಿಯೂಣು. ಆಕಿ ಕಣ್ಣಲೆ ಮುರೀತದ ಅಂದ್ರ, ಆಕಿ ಇಲ್ಲದಾಗ ಮುರಿಬಾರದು. ಹೌದಲ್ಲ?"

"ಹೌದು."

"ಮೂರು ದಿನ ಆಕಿ ತವರಿಗಿ ಹೋಗ್ತಾಳ. ಚಿಮ್ಮನಚೋಡದಿಂದ ಇಲ್ಲಿಗಿ ಯಾರ ಕಣ್ಣೂ ಕಾಣಲ್ಲ. ಅಲ್ಲೀತನ ನಮ್ಮಲ್ಲೇ ಪಾಳಿ. ಮೊದಲ ನಾ ಕೂಡತೀನಿ. ಖಾಲಾನ ಬುಟ್ಟಿ ಅದ, ಅದಕ್ಕ ತಂತಿ ಅದ. ಆಕಿ ಇದ್ದಾಗ ದಿನಾ ತಂತೀತನ ತುಂಬಾದು ನೀವೆಲ್ಲಾ ನೋಡೀರಿ. ಆಕಿ ಇಲ್ಲದಾಗ ಮುರುಕು ತಂತಿಗಿಂತ ಭಾಳ ಕೆಳಗ ಉಳದ್ರ ನೀ ಹೇಳಿದಂಗ ಆಗ್ಲಿ. ತಂತಿಗಿ ಬಂದ್ರ, ಆಕಿಗೂ ಆಕಿ ಕೂಸಿಗೂ ಆ ಶಬ್ದ ಯಾರೂ ಅನಬಾರದು. ಮನ್ಯಾಗ ಸುದ್ದಾ ಅನಬಾರದು."

"ಒಂದು ದಿನದ ಮ್ಯಾಲ ಹೇಳಬಾರದು, ಮೂರೂ ದಿನ ಆಗ್ಲಿ" ಎಂದು ಕೊನೆಗೆ ಸೇರಿಸಿದೆ. ಆಗ ಅದು ಸುಮ್ಮನೆ ಬಾಯಿಗೆ ಬಂದ ಮಾತು. ಆಮೇಲೆ ಅದೇ ಉಳಿಸಿತು.

ಆಯಿ ತಕರಾರು ತೆಗೆದಳು. "ಎಣಿಸಾದು ಒಂದೇ ನಂಗ ಜಡ ಅದ. ಬರಕತ್ತಿನ ಮಾತು."

"ಅದರ ಪಾಪ ನಂಗಿರಲಿ."

"ಪಾಪ ಏನ್ ಬುತ್ತಿ ಗಂಟೇನ್ರಿ, ನಿಮ್ ಕೈಯಾಗ ಕೊಡಾಕ?" ಎಂದಳು ಆಯಿ. ಆದರೂ ಒಪ್ಪಿದಳು. ಒಪ್ಪಿದರೆ ಆಯಿ ಹಿಂದೆ ಸರಿಯುವವಳಲ್ಲ. ಅದನ್ನು ನಂಬಿಯೇ ನಾನು ಈ ಕೆಲಸಕ್ಕೆ ಇಳಿದದ್ದು.

ಹೊಸಬಳ ಮುಖ ಸಣ್ಣದಾಗಿತ್ತು. ಬಾಗಿಲವರೆಗೆ ಹೋಗಿ ತಿರುಗಿ ಬಂದು ತನ್ನ ಲೋಟಕ್ಕೆ ಕೈಹಾಕಿದಳು.

"ಅದು ಅಲ್ಲೇ ಇರಲಿ ತಂಗಿ" ಎಂದೆ. "ನೀ ಕೆಲಸ ಬಿಡಾಕತ್ತಿಲ್ಲ. ತವರಿಗಿ ಹೊಂಟೀದಿ."

ಅವಳು ಲೋಟ ಬಿಟ್ಟು ಹೋದಳು. ತಂತಿಗಿಂತ ಕೆಳಗೆ ಉಳಿದರೆ ಆ ಲೋಟವನ್ನು ನಾನೇ ಬಟ್ಟೆಯಲ್ಲಿ ಕಟ್ಟಿ ಕಳಿಸಬೇಕಾಗುತ್ತಿತ್ತು. ಖಾಲಾನ ಮಾತೊಂದೇ ನನಗಿದ್ದ ಆಸರೆ.

ಮೊದಲ ದಿನ ನಾನು ಕಲ್ಲಿನ ಮುಂದೆ ಕುಳಿತೆ. ಅಂದು ಶೆಡ್ಡಿನಲ್ಲಿ ಮಾತೇ ಇಲ್ಲ. ಎಲ್ಲರೂ ಹೆಣ್ಣು ನೋಡಲು ಬಂದವರಿಗೆ ಬಡಿಸುವ ಹಾಗೆ ರೊಟ್ಟಿ ಬಡಿದರು. ಒಂದೊಂದು ಅಂಚನ್ನೂ ಬೆರಳಿಂದ ತೀಡಿದರು. ತಿರುವುವಾಗ ಉಸಿರು ಹಿಡಿದರು. ನನ್ನ ಕಲ್ಲಿಗೆ ತಂದಿಡುವಾಗ ತೊಟ್ಟಿಲಿಗೆ ಕೂಸು ಹಾಕಿದಂತೆ ಇಟ್ಟರು. ಸಂಜೆ ಖಾಲಾ ಬುಟ್ಟಿ ತಂದಾಗ ಮುರುಕು ಅರ್ಧಕ್ಕೂ ಬರಲಿಲ್ಲ.

ಆಯಿ ಬುಟ್ಟಿ ನೋಡಿದಳು, ನನ್ನನ್ನು ನೋಡಿದಳು. ಅವಳ ಹಿಂದಿದ್ದವಳು, "ನೋಡ್ರಿ ಮತ್ತ" ಎಂದಳು.

"ಮೂರು ದಿನ ಅಂತ ಮಾತಾಗ್ಯಾದ" ಎಂದೆ. ದನಿ ಗಟ್ಟಿಯಾಗಿಯೇ ಬಂತು, ಒಳಗೆ ಮಾತ್ರ ಕುಸಿದಿತ್ತು. ಒಂದು ಗಳಿಗೆ ನನಗೇ ಅನಿಸಿತು, ಖರೇನೇ ಇದ್ದರೆ? ಖಾಲಾ ತಪ್ಪಿ ಹೇಳಿದ್ದರೆ? ನಂಬಿಕೆ ಎಂಬುದು ಹೋದಂತೆ ಮಾಡಿ ಕಟ್ಟೆಯ ಮೇಲೆ ಕುಳಿತಿರುತ್ತದೆ, ಕರೆದರೆ ಒಳಗೆ ಬರುತ್ತದೆ.

ಪ್ಯಾಕೆಟ್ಟುಗಳನ್ನು ಡಬ್ಬಕ್ಕೆ ತುಂಬುವಾಗ ಒಂದು ಸಂಗತಿ ಕಂಡಿತು. ಒಂದು ಡಬ್ಬ ಪೂರ್ತಿ ಖಾಲಿ ಉಳಿದಿತ್ತು. ಅಷ್ಟು ನಾಜೂಕಾಗಿ ಬಡಿದರೆ ದಿನದ ರೊಟ್ಟಿ ಮುಗಿಯುವುದಿಲ್ಲ. ಗಾಡಿ ವಾಡಿ ಮುಟ್ಟಿದ ಮೇಲೆ ಕ್ಯಾಂಟೀನಿನ ಗುತ್ತೇದಾರರ ಫೋನು ಬಂತು. "ಬಾಯಾರ, ಏನ್ರಿ ಇದು? ಮಂದಿ ತಾಟು ಮುಂದಿಟ್ಕೊಂಡು ಕುಂತಾರ. ರೊಟ್ಟಿ ಕಮ್ಮಿ ಬಂದಾವ. ನಾಳಿ ಹಿಂಗ ಆದ್ರ ನಾ ಬ್ಯಾರೆ ಕಡಿ ನೋಡಬೇಕಾಗತದ."

ನಾನು ಆ ಮಾತನ್ನು ಹಾಗೆಯೇ ಎಲ್ಲರಿಗೂ ಮುಟ್ಟಿಸಿದೆ. "ನಾಳಿ ದಿನದಂಗ ಬಡೀರಿ. ಹೆಚ್ಚಲ್ಲ, ಕಮ್ಮಿ ಅಲ್ಲ. ದಿನದಂಗ."

ಎರಡನೆಯ ದಿನ ಕೈಬಳೆ ತಿರುವುತ್ತಿದ್ದವಳ ಪಾಳಿ. ಹತ್ತರ ಮೇಲೆ ಬರುವುದಿಲ್ಲ ಎಂದವಳು ಅವಳೇ. ಸರಾಗವಾಗಿ ಎಣಿಸಿದಳು. ಅಂದು ಕೆಲಸದ ಗಡಿಬಿಡಿಯಲ್ಲಿ ಶೆಡ್ಡಿನ ಮಾತು ಮರಳಿ ಬಂತು, ಯಾರದೋ ನಾದಿನಿಯ ಸುದ್ದಿ, ಧಾರಾವಾಹಿಯ ಸುದ್ದಿ. ಕೈಗಳು ತಮ್ಮ ಹಳೆಯ ವೇಗಕ್ಕೆ ಬಂದವು. ಮುರುಕೂ ಬಂತು. ಸಂಜೆಗೆ ಬುಟ್ಟಿ ತಂತಿಗೆ ಬೆರಳಷ್ಟು ಕೆಳಗೆ ನಿಂತಿತು. ಆಯಿ ಬಗ್ಗಿ ಆ ಬೆರಳಷ್ಟು ಜಾಗವನ್ನು ನೋಡಿದಳು. ಅಂದು ಯಾರೂ "ನೋಡ್ರಿ" ಎನ್ನಲಿಲ್ಲ. ನಾನೂ ಅನ್ನಲಿಲ್ಲ.

ಮೂರನೆಯ ದಿನ ಆಯಿಯ ಪಾಳಿ.

ಆಯಿ ಬೆಳಿಗ್ಗೆಯೇ ತಲೆಗೆ ಎರೆದುಕೊಂಡು ಬಂದಿದ್ದಳು. ಕಲ್ಲಿನ ಮುಂದೆ ಕುಳಿತು, ಸೆರಗು ತಲೆಯ ಮೇಲೆ ಎಳೆದುಕೊಂಡು, ಕಲ್ಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಮೊದಲ ರೊಟ್ಟಿ ಎತ್ತಿದಳು. ನಾವೆಲ್ಲ ಕೈ ನಿಲ್ಲಿಸಿ ಕಾದೆವು.

"ಲಾಭ" ಎಂದಳು ಆಯಿ. ಎರಡನೆಯದು ಎತ್ತಿದಳು. "ಎರಡು. ಮೂರು."

"ಆಯಿ, ಲಾಭ ಅಂದ್ರೇನು?" ಎಂದು ಒಬ್ಬಳು ಕೇಳಿದಳು.

"ನಮ್ಮಪ್ಪ ಕಣದಾಗ ಜೋಳ ಅಳೀವಾಗ ಒಂದು ಅಂತಿದ್ದಿಲ್ಲ. ಮೊದಲಿಂದಕ್ಕ ಲಾಭ ಅಂತಿದ್ದ. ಲಾಭ, ಎರಡು, ಮೂರು. ಹಂಗ ಎಣಿಸಿದ್ರ ಬರಕತ್ ಹೋಗಂಗಿಲ್ಲ."

"ಇದು ಮೊದಲೇ ಹೇಳಬಾರದಿತ್ತೇನ್ ಆಯಿ? ನಾವೇ ಎಣಿಸ್ತಿದ್ದಿವಿ."

"ನೀವ್ಯಾರು ಮೊದಲ ಕೇಳಿದ್ರಿ?" ಎಂದಳು ಆಯಿ. "ಎಣಿಸವರು ಯಾರು ಅಂತ ಕೇಳಿದ್ರಿ. ಎಣಿಸಾದು ಹ್ಯಾಂಗ ಅಂತ ಯಾರೂ ಕೇಳಿಲ್ಲ."

ನನಗೆ ನಗು ಬಂತು, ಅದರೊಳಗೆ ಸಂಕಟವೂ ಇತ್ತು. ಆ ಒಂದು ಶಬ್ದ ತಿಂಗಳ ಹಿಂದೆ ಬಂದಿದ್ದರೆ ಯಾವುದೋ ಶಾಲೆಯಲ್ಲಿ ಒಂದು ಕೂಸು ಒಂಟಿಯಾಗಿ ಕುಳಿತು ಉಣ್ಣುವುದು ತಪ್ಪುತ್ತಿತ್ತು.

ಆಯಿ ಎಣಿಸಿದಳು. ಪ್ರತಿ ಪ್ಯಾಕೆಟ್ಟಿಗೂ ಲಾಭದಿಂದಲೇ ಶುರು. ಗಟ್ಟಿ ರೊಟ್ಟಿಗಳು ಡಬ್ಬ ಸೇರಿದವು, ಒಡೆದವು ಪಕ್ಕಕ್ಕೆ ಬಿದ್ದವು. ಮಧ್ಯಾಹ್ನಕ್ಕೇ ಅವಳ ಪಕ್ಕದಲ್ಲಿ ಗುಡ್ಡೆ ಎದ್ದಿತು. ಆಯಿ ಅದನ್ನು ಓರೆಗಣ್ಣಿನಿಂದ ನೋಡುತ್ತ, ಮೊಣಕಾಲಿನಿಂದ ಸ್ವಲ್ಪ ಸ್ವಲ್ಪ ಹಿಂದಕ್ಕೆ ಸರಿಸುತ್ತಿದ್ದಳು.

"ಆಯಿ, ನಿಮ್ ಬಾಜೂಕ ಭಾಳ ಬಿದ್ದಾವ" ಎಂದಳು ಬಳೆಯವಳು, ಹಂಚಿನಿಂದ ಕಣ್ಣೆತ್ತದೆ.

"ನಿನ್ನವೇ ಬಿದ್ದಾವ. ನಡೂಕ ದಪ್ಪ, ಅಂಚಿಗಿ ತೆಳ್ಳಗ. ಬಡೀಲಿಕ್ಕಿ ಕೈ ಇಟ್ಟೀದಿ, ಮನಸು ನಾದಿನಿ ಮನ್ಯಾಗ ಇಟ್ಟೀದಿ."

ಸಂಜೆ ಖಾಲಾ ಬಂದಳು. ಮುರುಕನ್ನು ಬುಟ್ಟಿಗೆ ಸುರಿದರು. ತಂತಿ ಮುಚ್ಚಿತು. ಅದರ ಮೇಲೆ ಇನ್ನೊಂದು ಹಿಡಿ ಬಿತ್ತು. ಖಾಲಾಗೆ ನಮ್ಮ ಒಪ್ಪಂದದ ವಿಷಯ ಪೂರ್ತಿ ಗೊತ್ತಿರಲಿಲ್ಲ. ಬುಟ್ಟಿ ಎತ್ತಿ ನೋಡಿ, "ಇವತ್ತು ಜಾಸ್ತಿ ಅದ. ಯಾರ್ ಕುಂತಿದ್ರಿ?" ಎಂದಳು.

ಆಯಿ ಸೊಂಟ ಹಿಡಿದು ಎದ್ದಳು, ಖಾಲಾನ ಎದುರು ಹೋಗಿ ಎರಡೂ ಬೆರಳಿಂದ ತನ್ನ ಕಣ್ಣು ಅಗಲಿಸಿದಳು.

"ನಾನೇ ಕುಂತಿದ್ದೆ ಖಾಲಾ. ನೋಡು ಸ್ವಲ್ಪ, ಹಸರಾಗ್ಯಾವೇನು."

ಖಾಲಾ ನಿಜವಾಗಿಯೇ ಹತ್ತಿರ ಬಂದು ನೋಡಿದಳು. "ಮೋತಿಬಿಂದು ಬಂದಂಗ ಕಾಣತದ, ಪೊರಿ ಕಟ್ಟ್ಯಾದ" ಎಂದಳು.

ಮೊದಲು ಬಳೆಯವಳು ನಕ್ಕಳು. ಆಮೇಲೆ ಎಲ್ಲರೂ ನಕ್ಕರು. ಒಬ್ಬಳು ಮಾತ್ರ ತಡೆಯಲಾರದೆ, "ಆಕಿ ಹೋದ್ರೂ ಆಕಿ ನೆಳ್ಳು ಇಲ್ಲೇ ಉಳಿದಿರಬೇಕು" ಎಂದಳು.

"ಸುಮ್ಮಕ ಕುಂದರು" ಎಂದಳು ಆಯಿ. "ಹಂಗ ಮಾತಾಗಿಲ್ಲ. ತಂತಿ ಅಂತ ಮಾತಾಗಿತ್ತು."

ಎಲ್ಲರೂ ಹೋದ ಮೇಲೂ ಆಯಿ ಕಲ್ಲಿನ ಬಳಿ ಕುಳಿತಿದ್ದಳು. ನಾನು ಒಲೆಗಳಿಗೆ ನೀರು ಚಿಮುಕಿಸುತ್ತಿದ್ದೆ.

"ಅಕ್ಕಾರ, ನಾ ಸುಳ್ಳ ಹೇಳಿದ್ದಲ್ರಿ. ನನ್ನ ಕಣ್ಣಲೆ ನೋಡೀನಿ. ಆಕಿ ನೋಡಿದ್ಳು, ಮುರೀತು."

"ನಾನೂ ನೋಡೀನಿ ಆಯಿ" ಎಂದೆ. ಸೆರಗು ಮುಚ್ಚಿದ್ದನ್ನು ಹೇಳಿದೆ. "ಆಕಿ ನೋಡಿದಾಗ ಮುರಿಲಾರದ್ದೂ ನೋಡೀದೇನು?"

ಆಯಿ ಯೋಚಿಸಿದಳು. ಪ್ರಾಮಾಣಿಕವಾಗಿ ಯೋಚಿಸಿದಳು, ಅದು ಅವಳ ಹಣೆಯಲ್ಲೇ ಕಾಣುತ್ತಿತ್ತು.

"ಅದನ್ನ ಯಾರ್ ನೋಡತಾರ್ರಿ?" ಎಂದಳು. "ಮುರಿಲಾರದ್ದು ಡಬ್ಬದಾಗ ಹೋಗತದ."

ಇದಕ್ಕಿಂತ ಹೆಚ್ಚು ಬಿಡಿಸಿ ಹೇಳುವುದು ನನಗೆ ಬರುವುದಿಲ್ಲ. ಮುರಿಯದ್ದು ಡಬ್ಬಕ್ಕೆ ಹೋಗುತ್ತದೆ. ಮನಸ್ಸಿನ ಕಲ್ಲಿನ ಮೇಲೆ ಮುರುಕಷ್ಟೇ ಉಳಿಯುತ್ತದೆ. ಆಮೇಲೆ ಅದರ ಪಕ್ಕದಲ್ಲಿ ಕುಳಿತವರು ಯಾರು ಎಂದು ನೋಡುತ್ತೇವೆ.

ಆಯಿ ಏಳುವಾಗ ಗೂಡಿನಲ್ಲಿದ್ದ ಲೋಟದ ಮೇಲೆ ಹಿಟ್ಟಿನ ದೂಳು ಕೂತಿದ್ದು ಕಂಡಿತು. ಅದನ್ನು ತೆಗೆದುಕೊಂಡು ಹೋಗಿ ಬೂದಿ ಹಚ್ಚಿ ತಿಕ್ಕಿ, ತೊಳೆದು, ಬೋರಲು ಹಾಕಿದಳು. ನಾನು ನೋಡದವಳ ಹಾಗೆ ಬೀಗ ಹುಡುಕಿದೆ. ಆಮೇಲೆ ಚಿಮ್ಮನಚೋಡಕ್ಕೆ ಫೋನು ಮಾಡಿದೆ. "ನಾಳಿ ಬಾ ತಂಗಿ. ಕೂಸಿಗೂ ಕರಕೊಂಡು ಬಾ" ಎಂದೆ. ಅವಳು "ಮೊದಲ ಬಸ್ಸಿಗೇ ಬರ್ತೀನ್ರಿ" ಎಂದಳು.

ಮರುದಿನ ಚಿಂಚೋಳಿ ಕಡೆಯ ಬಸ್ಸಿನಿಂದ ಇಳಿದು ನೇರ ಶೆಡ್ಡಿಗೆ ಬಂದಳು, ಕೈಯಲ್ಲಿ ಮಗಳು. ಕೂಸು ತಾಯಿಯ ಸೀರೆಯ ಹಿಂದೆ ನಿಂತು, ನೆಲ ನೋಡುತ್ತಿತ್ತು. ಕಣ್ಣೆತ್ತಬಾರದು ಎಂದು ಆ ವಯಸ್ಸಿಗೇ ಕಲಿತಿತ್ತು. ತಾಯಿ ತನ್ನ ಹಳೆಯ ಜಾಗಕ್ಕೆ, ಕಲ್ಲಿನ ಕಡೆಗೆ ನಡೆದಳು.

"ಅಲ್ಲಲ್ಲ" ಎಂದಳು ಆಯಿ. "ಅಲ್ಲಿ ಇನ್ನ ಪಾಳಿ. ನಿನ್ನ ಪಾಳಿ ಬಂದಾಗ ಕೂಡುವಂತಿ. ಇವತ್ತು ಒಲಿ ಮುಂದ ಬಾ. ಚಿಂಚೋಳಿ ಕಡಿಯವರು ರೊಟ್ಟಿ ಹ್ಯಾಂಗ ಬಡೀತಾರ ನೋಡೂಣು."

ಅವಳು ನನ್ನ ಮುಖ ನೋಡಿದಳು, ಆಮೇಲೆ ಗೂಡಿನತ್ತ ನೋಡಿದಳು. ಹೊಳೆಯುತ್ತಿದ್ದ ಲೋಟವನ್ನು ಎತ್ತಿ ನೀರು ತುಂಬಿಸಿಕೊಂಡು, ನಿಂತಲ್ಲೇ ಪೂರ್ತಿ ಕುಡಿದಳು. ಒಲೆಯ ಮುಂದೆ ಕುಳಿತಳು. ಅವಳ ಮೊದಲ ರೊಟ್ಟಿ ಒಂದು ಕಡೆ ಸೊಟ್ಟಗಾಯಿತು. ಅದಕ್ಕೂ ನಗು ಬಂತು. ಯಾರೂ ಬೇರೆ ಮಾತು ಆಡಲಿಲ್ಲ.

ಆಯಿ ಕೂಸನ್ನು ಕರೆದಳು. ಅದು ಬರಲಿಲ್ಲ. ಆಯಿ ತನ್ನ ಪೇರಿನಿಂದ ಒಂದು ರೊಟ್ಟಿ ತೆಗೆದು, ಎಣ್ಣೆ ಸವರಿ, ಶೇಂಗಾ ಹಿಂಡಿ ಉದುರಿಸಿ ಚಾಚಿದಳು.

"ಮ್ಯಾಲ ನೋಡವ್ವ. ನನ್ನ ರೊಟ್ಟಿ ಛಂದಾಗ್ಯಾವಿಲ್ಲ, ನೋಡಿ ಹೇಳು."

ಕೂಸು ತಾಯಿಯನ್ನು ನೋಡಿತು. ತಾಯಿ ತಲೆಯಾಡಿಸಿದಳು. ಆಗ ಅದು ಕಣ್ಣೆತ್ತಿ ರೊಟ್ಟಿಯನ್ನು ನೋಡಿತು, ಸುತ್ತಲಿನ ಒಲೆಗಳನ್ನು, ಆನಿಸಿಟ್ಟ ರೊಟ್ಟಿಗಳನ್ನು, ನಮ್ಮನ್ನೆಲ್ಲ ನೋಡಿತು. ರೊಟ್ಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಟ್ ಎಂದು ಮುರಿಯಿತು. ಶೆಡ್ಡಿನಲ್ಲಿ ಎಲ್ಲರಿಗೂ ಕೇಳಿಸಿತು.

"ಹಂಗ" ಎಂದಳು ಆಯಿ. "ಮುರದು ತಿನ್ನು."

ಬಾಗಿಲಿನ ನಿಂಬೆಹಣ್ಣು ಇನ್ನೂ ತೂಗುತ್ತಿತ್ತು. ಅದನ್ನು ನಾನು ತೆಗೆಯಲಿಲ್ಲ, ಆಯಿಯೂ ತೆಗೆಯಲಿಲ್ಲ. ವಾಡಿಯ ಗಾಡಿ ಡಬ್ಬಗಳನ್ನು ತುಂಬಿಕೊಂಡು ಹೋಯಿತು. ಖಾಲಾ ಬುಟ್ಟಿಯನ್ನು ತಂತಿಯವರೆಗೆ ತುಂಬಿಕೊಂಡು ಹೋದಳು.

ನಾನು ಅದರಿಂದ ಒಂದು ಹಿಡಿ ಮುರುಕನ್ನು ಖಾಲಾನಿಂದ ಬೇಡಿ ಮನೆಗೆ ತಂದಿದ್ದೆ. ಹುಳಿ ಸೊಪ್ಪಿನ ಪುಂಡಿಪಲ್ಯ ಮಾಡಿ, ಮುರುಕನ್ನು ಅದರಲ್ಲಿ ನೆನೆಹಾಕಿ, ಮೇಲೆ ಹಸಿ ಉಳ್ಳಾಗಡ್ಡಿ ಹೆಚ್ಚಿಕೊಂಡು ಇಬ್ಬರೂ ಉಂಡೆವು, ಬೆಳಿಗ್ಗೆ ಹೆಪ್ಪು ಹಾಕಿದ್ದ ಮೊಸರಿನ ಜೊತೆಗೆ. ಯಜಮಾನರು ಇನ್ನೊಮ್ಮೆ ಹಾಕಿಸಿಕೊಂಡರು. ಎಷ್ಟನೆಯ ಸಲ ಎಂದು ನಾನು ಕೇಳಲಿಲ್ಲ. ಅವರು ತಾಟು ತೊಳೆದಿಟ್ಟು ಒಳಗೆ ಬರುವಷ್ಟರಲ್ಲಿ ನನಗೆ ನಿದ್ದೆ ಹತ್ತಿತ್ತಂತೆ. ದೀಪ ಆರಿಸಿದವರು ಅಂದು ಅವರೇ.